ಬರೆಯದೆ ಬಿಟ್ಟ ಅರ್ಧ ಸಾಲು

ಕ್ಷಮಾವಣಿಯ ದಿನ ಗೋಕಾಕದ ಜೈನರ ಓಣಿಯಲ್ಲಿ ಕ್ಷಮೆಗೆ ಬರವಿಲ್ಲ. ಹತ್ತು ದಿನದ ದಶಲಕ್ಷಣ ಪರ್ವ ಮುಗಿದ ಮೇಲೆ ಎಲ್ಲರೂ ಎಲ್ಲರ ಮನೆಗೆ ಹೋಗಿ, ಕೈಮುಗಿದು, ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಿ ಎನ್ನುತ್ತಾರೆ. ಯಾವ ತಪ್ಪು ಎಂದು ಇವರು ಹೇಳುವುದಿಲ್ಲ, ಅವರು ಕೇಳುವುದಿಲ್ಲ. ವರ್ಷವಿಡೀ ನಡುಗೋಡೆಗಾಗಿ ಕಚ್ಚಾಡಿದವರೂ ಅಂದು ಒಂದೇ ಚಾಪೆಯ ಮೇಲೆ ಕೂತು ಅವಲಕ್ಕಿ ತಿನ್ನುತ್ತಾರೆ. ಮರುದಿನ ಗೋಡೆ ಅಲ್ಲೇ ಇರುತ್ತದೆ, ಜಗಳವೂ.

ಆದರೆ 2003ರ ಆ ದಿನ ಬಟ್ಟೆ ಅಂಗಡಿಯ ರಾವಸಾಹೇಬರ ಮಗಳು ಮೇಘಾ ತನ್ನ ತಪ್ಪಿನ ಹೆಸರು ಹೇಳಿಯೇ ಕ್ಷಮೆ ಕೇಳಬೇಕೆಂದು ಗಟ್ಟಿಮಾಡಿಕೊಂಡಿದ್ದಳು. ಕೇಳಬೇಕಾದದ್ದು ಅಣ್ಣ ಅಭಿನಂದನನ ಹೆಂಡತಿ ಮಯೂರಿಯನ್ನು. ಹೊಟ್ಟೆಯಲ್ಲೇ ಸತ್ತುಹೋದ ಮಯೂರಿಯ ಏಳು ತಿಂಗಳ ಕೂಸನ್ನು ಕೊಂದವಳು ತಾನೇ ಎಂದು ಈ ಹುಡುಗಿ ಆರು ತಿಂಗಳಿಂದ ನಂಬಿ ಕೂತಿದ್ದಳು.

ಹಾಗೆ ನಂಬಿಸಿದ್ದು ಒಂದು ಪರದೇಶದ ಧರ್ಮ. ಮೇಘಾ ಬಿ.ಎ. ಎರಡನೆಯ ವರ್ಷದಲ್ಲಿದ್ದಾಗ ಇಂಗ್ಲಿಷ್ ಪಾಠದಲ್ಲಿ ಮಾಟಗಾತಿಯರ ಮಾತು ಬಂತು. ಅವರ ಬಗ್ಗೆ ಎರಡು ಪುಟ ಬರೆದುಕೊಂಡು ಬನ್ನಿ ಎಂದರು ಮಾಸ್ತರು. ಹುಡುಗಿಯೊಬ್ಬಳನ್ನೇ ಸೈಬರ್ ಕೆಫೆಗೆ ಕಳಿಸುವ ಮನೆ ಅದಲ್ಲ. ಜೊತೆಗೆ ಮಯೂರಿ ವೈನಿ ಬಂದಳು. ತುಂಬಿದ ಬಸುರಿ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತು ಹುಣಸೆ ಚಿಗಳಿ ಚೀಪುತ್ತಿರುವಾಗ, ಒಳಗೆ ಮೇಘಾಳ ಕಣ್ಣ ಮುಂದೆ 'ವಿಕ್ಕಾ' ಎಂಬ ಶಬ್ದ ತೆರೆದುಕೊಂಡಿತು.

ಹೆಸರು ಕೇಳಿದರೆ ಬಿಸ್ಕೀಟಿನ ಪುಡಿಕೆಯ ಮೇಲಿರಬೇಕಾದದ್ದು. ಆದರೆ ಅದು ಇಂಗ್ಲೆಂಡಿನಲ್ಲಿ ಐವತ್ತು ವರ್ಷದ ಕೆಳಗೆ ಬೆಳಕಿಗೆ ಬಂದ ಒಂದು ಧರ್ಮ. ಅದರವರಲ್ಲಿ ಅನೇಕರು ತಮ್ಮನ್ನು ತಾವೇ ಮಾಟಗಾತಿಯರೆಂದು ಕರೆದುಕೊಳ್ಳುತ್ತಾರೆ, ಅದೂ ಎದೆಯುಬ್ಬಿಸಿ. ಅವರಿಗೆ ಒಬ್ಬಳು ದೇವಿ, ಕೊಂಬಿರುವ ಒಬ್ಬ ದೇವರು. ಕೊಂಬು ಕಂಡು ಸೈತಾನ ಎನ್ನುವಂತಿಲ್ಲ, ಸೈತಾನನನ್ನು ಅವರು ನಂಬುವುದೇ ಇಲ್ಲ. ಕಾಲ ತಿರುಗಿದಂತೆ ವರ್ಷಕ್ಕೆ ಎಂಟು ಹಬ್ಬ, ಹುಣ್ಣಿಮೆಗೆ ಪೂಜೆ, ನೆಲ ಗಾಳಿ ಬೆಂಕಿ ನೀರಿನಲ್ಲೆಲ್ಲ ದೈವ. ಸುತ್ತ ಗೆರೆ ಎಳೆದು, ಒಳಗೆ ನಿಂತು ಮನಸ್ಸಿಟ್ಟು ಬೇಡಿದರೆ ಬೇಡಿದ್ದು ಆಗುತ್ತದೆಂದು ನಂಬಿಕೆ. ಯಾರಿಗೂ ನೋವಾಗದಂತೆ ನಿನ್ನ ಇಚ್ಛೆ ಬಂದಂತೆ ನಡೆ ಎಂಬುದು ಅವರ ದೊಡ್ಡ ನಿಯಮ. ಕಳಿಸಿದ್ದು ಮೂರು ಪಟ್ಟಾಗಿ ನಿನಗೇ ಮರಳುತ್ತದೆ ಎಂದೂ ಬಹಳ ಮಂದಿ ಹೇಳುತ್ತಾರೆ.

ಮೇಘಾಳಿಗೆ ಇದು ಹೊರಗಿನದು ಅನ್ನಿಸಲೇ ಇಲ್ಲ. ನೋವು ಮಾಡಬಾರದು ಎಂಬುದನ್ನು ಆಕೆ ತೊಟ್ಟಿಲಲ್ಲೇ ಕೇಳಿದ್ದಳು. ಮಾಡಿದ್ದುಣ್ಣೋ ಮಹಾರಾಯ ಎಂಬುದನ್ನೂ ಕೇಳಿದ್ದಳು. ನಿನ್ನ ಇಚ್ಛೆ ಬಂದಂತೆ ನಡೆ ಎಂದು ಮಾತ್ರ ಆ ಮನೆಯಲ್ಲಿ ಹೆಣ್ಣುಮಗಳಿಗೆ ಯಾರೂ ಹೇಳಿದ್ದಿಲ್ಲ. ಆಕೆ ಆ ಪುಟಗಳ ಪ್ರಿಂಟು ತೆಗೆಸಿಕೊಂಡು ನೋಟ್‌ಬುಕ್ಕಿನಲ್ಲಿ ಬಚ್ಚಿಟ್ಟಳು.

ಅದೇ ವಾರ ಹತ್ತರಗಿಯ ತೇಜಸನೆಂಬ ಹುಡುಗನ ಮನೆಯವರು ಬಂದು ಮೇಘಾಳನ್ನು ಒಪ್ಪಿದರು. ಮೇ ತಿಂಗಳಲ್ಲಿ ಮದುವೆ; ಮದುವೆಯಾದ ಮೇಲೆ ಕಾಲೇಜು ಯಾತಕ್ಕೆ ಎಂದರು. ಕೊನೆಯ ವರ್ಷ ಹೋದಂತೆಯೇ. ಅಪ್ಪನ ಎದುರು ಬಾಯಿ ಬರಲಿಲ್ಲ. ವೈನಿಯ ಮಡಿಲಲ್ಲಿ ತಲೆಯಿಟ್ಟು ಅತ್ತಳು. ಹುಣ್ಣಿಮೆಯ ಸಂಜೆ ಅಡುಗೆಮನೆಯ ಉಪ್ಪು ಕದ್ದು ಮಾಳಿಗೆಯ ಮೇಲೆ ಸುತ್ತ ಚೆಲ್ಲಿದಳು, ಮೋಂಬತ್ತಿ ಹಚ್ಚಿದಳು, ಚೀಟಿಯಲ್ಲಿ 'ನನ್ನ ಮದುವೆ ಮುಂದೆ ಹೋಗಲಿ' ಎಂದು ಬರೆದು ಸುಟ್ಟಳು. 'ಯಾರಿಗೂ ಕೇಡಾಗದೆ' ಎಂದು ತಪ್ಪದೆ ಸೇರಿಸಬೇಕೆಂದು ಆ ಪುಟದಲ್ಲಿತ್ತು. ಅವ್ವ ಕೆಳಗಿನಿಂದ ಕೂಗಿದ ಗಡಿಬಿಡಿಯಲ್ಲಿ ಅದು ಮರೆತುಹೋಯಿತು. ಒಂದು ಹುಳ ಉರಿಗೆ ಬಿದ್ದು ಸತ್ತದ್ದನ್ನು ಕಂಡು ಆಗಲೇ ಎದೆ ಧಸಕ್ಕೆಂದಿತ್ತು.

ಹನ್ನೆರಡು ದಿನಕ್ಕೆ ಮಯೂರಿಗೆ ನೋವು ಬಂತು. ಕೂಸು ಉಳಿಯಲಿಲ್ಲ. ಈ ಸಂಕಟದಲ್ಲಿ ಲಗ್ನ ಬೇಡ, ದೀಪಾವಳಿ ದಾಟಲಿ ಎಂದು ಹತ್ತರಗಿಯಿಂದ ಹೇಳಿಕಳಿಸಿದರು. ಬೇಡಿದ್ದು ಬೇಡಿದಂತೆಯೇ ಆಗಿತ್ತು.

ಅವ್ವ ಕಮಲಾಬಾಯಿ ತಪ್ಪನ್ನು ಸೊಸೆಯ ತಲೆಗೆ ಕಟ್ಟಿದಳು. ನೋವು ಬರುವ ಹಿಂದಿನ ದಿನ ಮಯೂರಿ ಸಂಕೇಶ್ವರದ ತವರಿಗೆ ಎಂದು ಹೋಗಿ ಸಂಜೆಗೆ ಮರಳಿದ್ದಳು. "ಎಂಟ ದಿನಕ್ಕ ಸೀಮಂತದ ಕುಬಸ ಇತ್ತು, ತವರಿನವ್ರ ಬಂದು ಕರಕೊಂಡ ಹೋಗವ್ರಿದ್ರು. ಅಷ್ಟೂ ತಡೀಲಿಲ್ಲ ಈ ಮಹಾರಾಣಿ" ಎಂದು ಬಂದವರ ಮುಂದೆಲ್ಲ ಹೇಳಿದಳು. ದಿನಾ ಹೇಳಿದಳು. ಮಯೂರಿ ತಲೆ ತಗ್ಗಿಸಿ ರೊಟ್ಟಿ ಬಡಿದಳು. ಮೇಘಾ ಪಕ್ಕದಲ್ಲೇ ಕೂತು, ತನಗೆ ಮೂರು ಪಟ್ಟು ಯಾವಾಗ ಮರಳುತ್ತದೋ ಎಂದು ಕಾಯ್ದಳು. ಬಾಯಿ ಮಾತ್ರ ಬಿಡಲಿಲ್ಲ. ಇತ್ತ ಮದುವೆ ಡಿಸೆಂಬರಿಗೆ ಗೊತ್ತಾಯಿತು, ಕೊನೆಯ ವರ್ಷದ ಪರೀಕ್ಷೆಗೆ ನಾಲ್ಕು ತಿಂಗಳು ಮೊದಲು. ಬಿ.ಎ. ಹೇಗೂ ಉಳಿಯಲಿಲ್ಲ.

ಈಗ, ಮನೆಯವರು ಬಸದಿಯಿಂದ ಬರುವ ಮೊದಲು, ಅಡುಗೆಮನೆಯಲ್ಲಿ ಆಕೆ ಮಯೂರಿಯ ಕಾಲ ಹತ್ತಿರ ಕೂತಳು.

"ವೈನಿ, ನಾ ಒಂದ ತಪ್ಪ ಮಾಡೇನಿ. ಹೆಸರ ಹೇಳಿ ಕ್ಷಮಾ ಕೇಳತೇನಿ."

"ಇವತ್ತ ಯಾರೂ ಹೆಸರ ಹೇಳೂದಿಲ್ಲ, ಮೇಘಾ" ಎಂದು ಮಯೂರಿ ಅವಲಕ್ಕಿಗೆ ಒಗ್ಗರಣೆ ಹಾಕಿದಳು.

ಮೇಘಾ ಎಲ್ಲ ಹೇಳಿದಳು. ಉಪ್ಪು, ಮೋಂಬತ್ತಿ, ಚೀಟಿ, ಬರೆಯದೆ ಬಿಟ್ಟ ಅರ್ಧ ಸಾಲು. ಪ್ರಿಂಟು ತೆಗೆಸಿದ ಪುಟಗಳನ್ನು ಮುಂದಿಟ್ಟಳು. ಮಯೂರಿ ಒಲೆ ಆರಿಸಿ, ಪುಟಗಳನ್ನು ಮಡಚಿ ಆಕೆಯ ಕೈಗೇ ಕೊಟ್ಟಳು.

"ಹುಚ್ಚಿ. ಮೋಂಬತ್ತಿ ಏನೂ ಮಾಡಿಲ್ಲ. ನಿನ್ನ ಮದುವಿ ಮುಂದ ಹಾಕಸಾಕ ಹೋದಾಕಿ ನಾನು."

"ಎಲ್ಲಿಗೆ?"

"ಅವತ್ತ ತವರಿಗೆ ಹೋಗಿರಲಿಲ್ಲ. ಹತ್ತರಗ್ಯಾಗ ಇಳಿದೆ. ತೇಜಸನ ಅವ್ವನ ಮುಂದ ಎರಡ ತಾಸ ಕುಂತು ಬೇಡಿದೆ, ಹುಡುಗಿ ಬಿ.ಎ. ಮುಗಸಲಿ ಅಂತ. ನೋಡೂಣು, ನೀ ಬಂದದ್ದ ಯಾರಿಗೂ ಹೇಳೂದಿಲ್ಲ ಅಂದ್ರು. ಹೈವೇ ಮ್ಯಾಲ ಬಿಸಲಾಗ ನಿಂತೆ, ಬಸ್ ಬರಲಿಲ್ಲ. ಟೆಂಪೋ ಹಿಂದ ಕುಂತು ಬಂದೆ. ಊರ ಮುಟ್ಟೂದ್ರಾಗ ನಡಾ ಹಿಡದಿತ್ತು."

"ಅದರಿಂದನ ಆತೇನ ವೈನಿ?"

"ಡಾಕ್ಟರ್ ಹೇಳಾಕ ಬರೂದಿಲ್ಲ ಅಂದ್ರು. ನನಗೂ ಗೊತ್ತಿಲ್ಲ."

"ಇಷ್ಟ ದಿನ ಯಾಕ ಹೇಳಲಿಲ್ಲ?"

"ನಿನ್ನ ಸಲುವಾಗಿ ಹೋಗಿದ್ದೆ ಅಂತ ಹೇಳಿದ್ರ ಅತ್ತಿ ನಿನ್ನ ಜೀವಂತ ಬಿಡತಿದ್ರೇನು? ಬೈಸಿಕೊಳ್ಳಾಕ ನಾ ಒಬ್ಬಾಕಿ ಸಾಕ ಅನ್ಕೊಂಡೆ."

ಮೇಘಾಳಿಗೆ ಮೋಂಬತ್ತಿಯೇ ಕೊಂದಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು. ಆಕೆ ವೈನಿಯ ಕೈ ಹಿಡಿಯಲು ಹೋದಳು. ಮಯೂರಿ ಕೈ ಹಿಂದೆ ತೆಗೆದುಕೊಂಡಳು. ಆಕೆಗೆ ಏನೋ ಹೊಸದು ಅರ್ಥವಾಗುತ್ತಿರುವುದು ಮುಖದಲ್ಲಿ ಕಾಣುತ್ತಿತ್ತು.

"ನಿಂದ ತಪ್ಪ ಅಂತ ನಿನಗ ಆರ ತಿಂಗಳಿಂದ ಖರೆ ಅನಸಿತ್ತು?"

"ಹೂಂ."

"ಮತ್ತ ಅತ್ತಿ ದಿನಾ ನನಗ ಅನ್ನೂದನ್ನ ಕೇಳ್ಕೋತ ಕುಂತಿದ್ದಿ. ಒಂದ ದಿನರ, ಅವ್ವಾ, ಆಕೀದ ತಪ್ಪಲ್ಲ ಅಂತ ಅನಬೇಕ ಅನಸಲಿಲ್ಲೇನ ನಿನಗ?"

ಈ ತಪ್ಪು ಮೇಘಾಳ ಲೆಕ್ಕಕ್ಕೇ ಬಂದಿರಲಿಲ್ಲ.

ಅಷ್ಟರಲ್ಲಿ ಪಡಸಾಲೆಯಲ್ಲಿ ಸದ್ದಾಯಿತು. ಕಮಲಾಬಾಯಿ ಬಸದಿಯಿಂದ ಬಂದಿದ್ದಳು, ಜೊತೆಗೆ ಪಕ್ಕದ ಮನೆಯ ಮುದುಕ ಕೇದಾರಿ ಕಾಕಾ. ಇಬ್ಬರೂ ಹುಡುಗಿಯರು ಸೆರಗು, ಓಢಣಿ ಸರಿಮಾಡಿಕೊಂಡು ಹೊರಗೆ ಬಂದು ನಿಂತರು. ಕಾಕಾ ಎಲ್ಲರಿಗೂ ಕೈಮುಗಿದು, ಮಯೂರಿಯನ್ನು ನೋಡಿ, "ಆರಾಮ ಅದಿಯೇನವಾ?" ಎಂದ.

"ಆರಾಮಕ್ಕ ಏನ್ರಿ ಕಾಕಾ" ಎಂದಳು ಕಮಲಾಬಾಯಿ. "ತವರಿನ ಹುಚ್ಚಿಗೆ ನಮ್ಮ ಮನಿ ದೀಪಾ ಆರಿಸಿದ್ಲು. ಇವತ್ತಿನ ದಿನಾ ಅಂತ ಕ್ಷಮಾ ಮಾಡೇನಿ, ಏನ ಮಾಡೂದ್ರಿ."

ಮಯೂರಿ ಅತ್ತೆಯನ್ನು ನೋಡಲಿಲ್ಲ. ಮೇಘಾಳನ್ನು ನೋಡಿದಳು.

ಒಂದೇ ಮಾತು ಸಾಕಿತ್ತು. ಮೇಘಾ ಬಾಯಿ ತೆರೆದಳು. ಹತ್ತರಗಿಯವರ ಕಿವಿಗೆ ಬಿದ್ದರೆ? ಮಾಟ ಮಾಡಿದ ಹುಡುಗಿ ಎಂದರೆ? ಅಪ್ಪನ ಮುಖ ಕಣ್ಣಮುಂದೆ ಬಂತು.

"ಅವಲಕ್ಕಿ ತರತೇನಿ" ಎಂದಳು.

ಒಳಗೆ ಹೋಗಿ ತಟ್ಟೆ ಜೋಡಿಸತೊಡಗಿದಳು. ಪಡಸಾಲೆಯಲ್ಲಿ ಮಯೂರಿ ಅತ್ತೆಯ ಕಾಲು ಮುಟ್ಟುತ್ತಿರಬೇಕು. ಆಕೆಯ ದನಿ ಸ್ಪಷ್ಟವಾಗಿ ಕೇಳಿಸಿತು.

"ನನ್ನಿಂದ ತಪ್ಪಾಗೇತ್ರಿ, ಕ್ಷಮಾ ಮಾಡ್ರಿ."