ವೃತ್ತದೊಳಗೆ ಮುಖ

ಕೊಂಡಮ್ಮನಿಗೆ ಹುಟ್ಟಿನಿಂದ ಕಣ್ಣಿರಲಿಲ್ಲ. ಫೋನಿಗೆ ಅದು ಗೊತ್ತಿರಲಿಲ್ಲ. 'ಮುಖವನ್ನು ವೃತ್ತದೊಳಗೆ ಇಡಿ, ಕಣ್ಣು ಮಿಟುಕಿಸಿ' ಎಂದು ಬೆಳಗಿನಿಂದ ಓದಿ ಹೇಳುತ್ತಲೇ ಇತ್ತು. ಹದಿನೆಂಟು ದಾಟಿದೆ ಎಂದು ರುಜುವಾತು ಕೊಡದಿದ್ದರೆ ಹಾಡಿನ ಆ್ಯಪು ಇನ್ನು ಮೇಲೆ ತೆರೆಯುವುದಿಲ್ಲ. ಅವಳಿಗೆ ಐವತ್ತೆರಡು.

ದಿನಾ ಸಂಜೆ ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಬಿಡಿಸಿಕೊಟ್ಟ ಮೇಲೆ ಅವಳು ಆ ಆ್ಯಪಿನಲ್ಲಿ ತತ್ವಪದ ಹಾಡುತ್ತಿದ್ದಳು. ತೊಂಡೇಬಾವಿಯಿಂದ ಹಾರ್ಮೋನಿಯಂ ಮೇಷ್ಟ್ರು ಆವಲಪ್ಪ ಕೇಳಿ ತಪ್ಪು ಹಿಡಿಯುತ್ತಿದ್ದರು.

"ಏನಮ್ಮಾ, ಶ್ರುತಿ ಹಗ್ಗ ಬಿಚ್ಕೊಂಡು ಪಕ್ಕದ್ ಹೊಲಕ್ಕೆ ನುಗ್ತಲ್ಲ?"

"ನಿಮ್ ಪೆಟ್ಟಿಗೇನೇ ತುಕ್ಕು ಹಿಡ್ದೈತೆ ಮೇಷ್ಟ್ರೇ, ಎಣ್ಣೆ ಬಿಡಿ."

ಕಣ್ಣಿಲ್ಲವೆಂದು ಅವಳು ಅವರಿಗೆ ಹೇಳಿರಲಿಲ್ಲ. ಊರಿನಲ್ಲಿ ಹಾಡಿದರೆ 'ಪಾಪ, ಎಷ್ಟು ಚೆನ್ನಾಗಿ ಹಾಡ್ತಾಳೆ' ಎನ್ನುತ್ತಿದ್ದರು. ಆ 'ಪಾಪ' ಇಲ್ಲದ ಜಾಗ ಅದೊಂದೇ.

ಅತ್ತಿಗೆ ರಾಮಲಕ್ಷ್ಮಮ್ಮ ಅವಳನ್ನು ದಿಬ್ಬೂರಹಳ್ಳಿಯಲ್ಲಿದ್ದ ಮುರಳಿಮೋಹನನ ಜೆರಾಕ್ಸ್ ಅಂಗಡಿಗೆ ಕರೆದೊಯ್ದಳು. ಅವನು ಗಲ್ಲ ಹಿಡಿದು ಮುಖ ತಿರುಗಿಸಿ, ಕೊಂಡಮ್ಮನ ಫೋನಿನಲ್ಲೇ ಫೋಟೋ ಹೊಡೆದ. ಆ್ಯಪು ಒಪ್ಪಲಿಲ್ಲ.

"ಒಂಚೂರು ರೆಪ್ಪೆ ಆಡಿಸಕ್ಕಾ."

"ಆಡೋ ಹಂಗಿದ್ರೆ ನಿನ್ ಹತ್ರ ಯಾಕ್ ಬರ್ತಿದ್ನಪ್ಪ?"

"ಹಂಗಾದ್ರೆ ಆಧಾರ್ ಕೊಡಿ." ಹುಟ್ಟಿದ ತಾರೀಕನ್ನು ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ ಓದಿದ. ಕಾರ್ಡಿನ ಚಿತ್ರವನ್ನು ತನ್ನ ಫೋನಿನಲ್ಲಿ ತೆಗೆದುಕೊಂಡ.

"ನಿನ್ ಫೋನಲ್ಲಿ ಯಾಕಪ್ಪ?" ಎಂದಳು ರಾಮಲಕ್ಷ್ಮಮ್ಮ.

"ನಿಮ್ದ್ರಲ್ಲಿ ಮಸುಕಾಗಿ ಬರ್ತೈತೆ. ಆಮೇಲೆ ಅಳಿಸ್ತೀನಿ ಬಿಡಿ."

ಆ್ಯಪು ತೆರೆಯಿತು. ಹೆಸರಿನ ಪಕ್ಕ ಫೋಟೋದ ಜಾಗ ಖಾಲಿ ಇತ್ತು. ಖಾಲಿ ಬಿಟ್ಟರೆ ಅರ್ಜಿ ವಾಪಸ್ ಬರುತ್ತದೆ ಎಂಬುದು ಮುರಳಿಮೋಹನ ಆ ಅಂಗಡಿಯಲ್ಲಿ ಕಲಿತ ಪಾಠ. ಆಗಲೇ ಹೊಡೆದಿದ್ದ ಮುಖವನ್ನು ಅಲ್ಲಿ ಅಂಟಿಸಿದ. ಅಂಟಿಸಿದೆ ಎಂದು ಅವನು ಹೇಳಲಿಲ್ಲ. ಫೋನೂ ಹೇಳಲಿಲ್ಲ.

ಸಂಜೆ ಕೊಂಡಮ್ಮ ಪದ ಎತ್ತಿಕೊಂಡಳು. ಮೊದಲ ಚರಣದಲ್ಲೇ ಶ್ರುತಿ ಜಾರಿತು. ಬಾಯಿಗೆ ಉತ್ತರ ತಂದುಕೊಂಡು ಕಾದಳು.

"ಚೆನ್ನಾಗಿತ್ತಮ್ಮ" ಎಂದರು ಆವಲಪ್ಪ. ದನಿ ತಗ್ಗಿತ್ತು. "ಫೋಟೋ ನೋಡ್ದೆ. ಗೊತ್ತಿಲ್ದೆ ಇಷ್ಟು ದಿನ ಏನೇನೋ ಅಂದ್ಬಿಟ್ಟೆ. ಮನಸ್ಸಿಗೆ ಹಾಕ್ಕೋಬೇಡ."

ಕೊಂಡಮ್ಮ ಮುಂದಕ್ಕೆ ಹಾಡಿದಳು. ಎರಡನೆಯ ಚರಣದಲ್ಲಿ ಬೇಕೆಂದೇ ತಾಳ ಬಿಟ್ಟಳು. ಕೊನೆಯದರಲ್ಲಿ ಇಡೀ ಸಾಲನ್ನೇ ನುಂಗಿದಳು. ಆ ಕಡೆ ಹಾರ್ಮೋನಿಯಂ ಅವಳು ಹೋದ ದಾರಿಗೇ ಬಂತು.

ಮೂರು ತಪ್ಪು. ಮೇಷ್ಟ್ರು ಒಂದನ್ನೂ ಹಿಡಿಯಲಿಲ್ಲ.