ಎಲಿಹಿಯೋನ ಎರಡನೇ ಊಟ

ಮೊದಲು ನಮ್ಮ ಸೂಪರ್‌ವೈಸರ್ ಡ್ವೇನ್‌ನ ನಿಟ್ಟುಸಿರಿನ ಬಗ್ಗೆ ಹೇಳಬೇಕು. ಉಳಿದವರು ಬೇಜಾರಾದಾಗ ನಿಟ್ಟುಸಿರು ಬಿಡುತ್ತಾರೆ. ಡ್ವೇನ್ ಕೆಲಸ ಮಾಡಿಸಿಕೊಳ್ಳುವುದಕ್ಕೆ ಬಿಡುತ್ತಾನೆ.

ಪಾರ್ಲಿಯರ್ ಊರಾಚೆ ಪೀಚ್ ಹಣ್ಣು ಆರಿಸಿ ಪೆಟ್ಟಿಗೆಗೆ ತುಂಬುವ ಶೆಡ್ಡು ನಮ್ಮದು. ಹೋದ ವರ್ಷ ಸರ್ಕಾರದವರು ಬಂದು ಮಾಲೀಕರ ಬೆವರಿಳಿಸಿ ಹೋದ ಮೇಲೆ ಕ್ಯಾಂಟೀನಿನ ಗೋಡೆಗೆ ದೊಡ್ಡದೊಂದು ಹಾಳೆ ಬಂತು. ಕೆಲಸದ ಐದನೇ ಗಂಟೆ ಮುಗಿಯುವುದರೊಳಗೆ ಪ್ರತಿಯೊಬ್ಬರಿಗೂ ಅರ್ಧ ಗಂಟೆ ಊಟದ ಬಿಡುವು ಕೊಡಬೇಕು. ಆ ಹೊತ್ತಿನಲ್ಲಿ ಕೆಲಸ ಹೇಳುವಂತಿಲ್ಲ. ಹೇಳಿದರೆ ಮಾಲೀಕರಿಗೆ ದಂಡ, ಬಿಡುವು ಮತ್ತೆ ಮೊದಲಿನಿಂದ ಶುರು. ಇಷ್ಟು ಸರ್ಕಾರದ ಮಾತು. ಇದರ ಕೆಳಗೆ ಕಂಪನಿ ತನ್ನ ಒಗ್ಗರಣೆ ಹಾಕಿತ್ತು: ಬಿಡುವಿನಲ್ಲಿ ತಾನಾಗಿ ಕೆಲಸಕ್ಕೆ ಕೈಹಾಕಿದವರಿಗೆ ಎಚ್ಚರಿಕೆ ಪತ್ರ, ಮೂರನೆಯದಕ್ಕೆ ಮನೆಯ ದಾರಿ.

ಈ ಒಗ್ಗರಣೆ ಬಿದ್ದದ್ದು ಎಲಿಹಿಯೋನ ತಲೆಯ ಮೇಲೆ. ಅವನು ಶೆಡ್ಡಿನ ಒಬ್ಬನೇ ಮೆಕ್ಯಾನಿಕ್, ನನ್ನ ಮಗಳ ಜ್ಞಾನಸ್ನಾನದಲ್ಲಿ ಧರ್ಮತಂದೆಯಾಗಿ ಅವಳನ್ನು ಎತ್ತಿಕೊಂಡವನು, ಹಾಗಾಗಿ ನನಗೆ ಅವನು ಕೊಂಪಾದ್ರೆ, ಅವನಿಗೆ ನಾನು ಕೊಮಾದ್ರೆ. ಅವನ ಹೊಟ್ಟೆ ಎಲ್ಲರಂತೆ ಇದ್ದರೂ ಕಿವಿ ಮಾತ್ರ ಯಂತ್ರದ್ದು. ಹಣ್ಣು ಸಾಗಿಸುವ ಬೆಲ್ಟ್ ನಿಂತ ಸದ್ದಾದರೆ ಬಾಯಿಗೆ ಹೋಗುತ್ತಿದ್ದ ಕೈಯೂ ನಿಂತುಬಿಡುತ್ತದೆ. ನಾವು ಅವನ ಕೈಗೆ ಟಾಕೊ ತುರುಕುತ್ತೇವೆ, ಅವನು ಓಡುತ್ತಲೇ ನುಂಗುತ್ತಾನೆ. ಕೂತು ಉಂಡದ್ದನ್ನು ಅವನ ಹೆಂಡತಿಯೂ ನೋಡಿರಲಾರಳು.

ಡ್ವೇನ್ ಇದನ್ನು ಚೆನ್ನಾಗಿ ಕಂಡುಕೊಂಡಿದ್ದ. ಊಟದ ಹೊತ್ತಿನಲ್ಲಿ ಬೆಲ್ಟ್ ಕೆಟ್ಟರೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಒಂದು ಮಾತೂ ಇಲ್ಲ, ಸೂರು ನೋಡುತ್ತಾ ಒಂದು ನಿಟ್ಟುಸಿರು. ಎಲಿಹಿಯೋ ಎದ್ದು ಓಡುತ್ತಿದ್ದ. ಸಂಜೆ ಅವನ ಕೈಗೆ ಪತ್ರ. ಹೀಗೆ ಎರಡು ಆಗಿದ್ದವು. ಅವನ ಜಾಗಕ್ಕೆ ಡ್ವೇನ್‌ನ ಹೆಂಡತಿಯ ತಮ್ಮ ಕಾದಿರುವುದು ಹಣ್ಣಿಗೆ ಮುತ್ತುವ ನೊಣಕ್ಕೂ ಗೊತ್ತಿತ್ತು. ಪೀಚ್ ಕಾಲ ಮುಗಿದ ಮೇಲೆ ನಾವೆಲ್ಲ ಮನೆಗೆ ಹೋಗುವವರೇ, ಚಳಿಗಾಲಕ್ಕೂ ಸಂಬಳ ಉಳಿಯುವುದು ಮೆಕ್ಯಾನಿಕ್‌ನದು ಮಾತ್ರ.

ಆ ಗುರುವಾರ ನಮ್ಮ ಸಾಲಿನ ಸರದಿ ಬಂದು ನಾವು ಊಟಕ್ಕೆ ಕೂತು ಐದು ನಿಮಿಷವಾಗಿರಬೇಕು, ಆಚೆ ಉಳಿದವರು ನಡೆಸುತ್ತಿದ್ದ ಬೆಲ್ಟ್ ನಿಂತಿತು. ಎಲಿಹಿಯೋನ ಡಬ್ಬಿ ಆಗಲೇ ಖಾಲಿ. ಅವನ ಎರಡೂ ಮೊಣಕಾಲು ತಾವೇ ಎದ್ದವು.

"ಕೂತ್ಕೋ," ಅಂದೆ.

"ಕೊಮಾದ್ರೆ, ಆ ಎರಡನೇ ರೋಲರ್ ಇರಬೇಕು. ಒಂದೇ ನಿಮಿಷ."

"ಆ ಒಂದು ನಿಮಿಷಕ್ಕೇ ಅವನು ಕಾಗದ ರೆಡಿ ಇಟ್ಕೊಂಡಿರೋದು. ಕೂತ್ಕೋ ಅಂದ್ನಲ್ಲ."

ಡ್ವೇನ್ ಬಾಗಿಲಿಗೆ ಬಂದ. ಸೂರು ನೋಡಿದ. ಬಿಟ್ಟ.

ನನ್ನ ಪಕ್ಕದ ಒಫೇಲಿಯಾ ತನ್ನ ಬೀನ್ಸಿನ ಬುರಿಟೊ ತೆಗೆದು ಎಲಿಹಿಯೋನ ಕೈಗಿಟ್ಟಳು. ಕೈಯಲ್ಲಿ ಅನ್ನವಿದ್ದರೆ ಮನುಷ್ಯ ಸ್ವಲ್ಪವಾದರೂ ಕೂರುತ್ತಾನೆ ಅನ್ನುವುದು ಅವಳ ಲೆಕ್ಕ. ಅವನು ಅದನ್ನು ಮೂರು ತುತ್ತಿಗೆ ಮುಗಿಸಿದ. ಮತ್ತೊಬ್ಬಳು ಮೊಟ್ಟೆ ಕೊಟ್ಟಳು. ಅದೂ ಹೋಯಿತು. ಪಾಪ, ಅವನ ಕಣ್ಣೆಲ್ಲ ಬಾಗಿಲಾಚೆ ಗುಡ್ಡೆಬೀಳುತ್ತಿದ್ದ ಹಣ್ಣಿನ ಮೇಲೆ.

ಡ್ವೇನ್ ಇನ್ನೊಂದು ಬಿಟ್ಟ, ಈ ಸಲ ಉದ್ದದ್ದು.

"ಸಾರ್‌ಗೆ ಉಬ್ಬಸ ಇರ್ಬೇಕು," ಅಂದಳು ಒಫೇಲಿಯಾ. "ಡಾಕ್ಟರ್‌ಗೆ ತೋರಿಸಿದ್ರಾ ಸಾರ್?"

"ನಾನು ಯಾರಿಗೂ ಏನೂ ಹೇಳ್ತಿಲ್ಲಮ್ಮ," ಅಂದ ಡ್ವೇನ್. "ಬೆಲ್ಟ್ ನಿಂತಿದೆ ಅಂತ ನನಗೆ ನಾನೇ ಅಂದ್ಕೊಳ್ತಿದೀನಿ."

"ಅಂದ್ಕೊಳ್ಳಿ, ಅಂದ್ಕೊಳ್ಳಿ. ಯಾರು ಬೇಡ ಅಂದ್ರು?"

ಹೊರಗೆ ಲಾರಿಯವನು ಹಾರ್ನ್ ಒತ್ತತೊಡಗಿದ. ಡ್ವೇನ್‌ನ ಸೊಂಟದ ವಾಕಿಟಾಕಿಯಲ್ಲಿ ಮಾಲೀಕರು ಬೈಯತೊಡಗಿದರು. ಅವನು ಅದರ ಸದ್ದು ಇಳಿಸಿದ, ಮುಖ ಮಾತ್ರ ಪೀಚಿನ ಬಣ್ಣಕ್ಕೆ ಏರಿತು. ಎಲಿಹಿಯೋ ಬೆಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ನನಗೆ ಅಳು ಬರುವಂತಾಯಿತು, ಹೇಳಲು ನಾಚಿಕೆಯಿಲ್ಲ. ಸುಮ್ಮನೆ ಕೂರುವುದು ಒಬ್ಬ ಮನುಷ್ಯನಿಗೆ ಇಷ್ಟು ಕಷ್ಟವಾಗುವಂತೆ ಮಾಡಿಟ್ಟಿದ್ದರಲ್ಲ ಅನ್ನಿಸಿತು.

"ಎದ್ದು ಆ ಬೆಲ್ಟ್ ನೋಡಬಾರದಾ ಮಾರಾಯ," ಅಂದುಬಿಟ್ಟ ಡ್ವೇನ್.

ಒಫೇಲಿಯಾ ಬೆಂಚಿನಲ್ಲೇ ಅವನ ಕಡೆ ತಿರುಗಿ ಕೂತಳು.

"ಯಾರಿಗೆ ಸಾರ್ ಹೇಳಿದ್ದು?" ಕೇಳಿದಳು. "ಇಲ್ಲಿ ಎಷ್ಟೋ ಜನ ಮಾರಾಯ್ರಿದ್ದಾರೆ. ಹೆಸರು ಹಿಡಿದು ಹೇಳಿ."

ವಾಕಿಟಾಕಿ ಮತ್ತೆ ಒದರಿತು.

"ಎಲಿಹಿಯೋ," ಅಂದ ಡ್ವೇನ್, ಹಲ್ಲು ಕಚ್ಚಿ. "ಏಳು. ಹೋಗಿ ಸರಿಮಾಡು. ನಾನೇ ಹೇಳ್ತಿದೀನಿ."

ಹೇಳುವಷ್ಟರಲ್ಲಿ ಎಲಿಹಿಯೋ ಬಾಗಿಲು ದಾಟಿಯಾಗಿತ್ತು. ಒಂದು ಏಟು, ಒಂದು ಬೈಗುಳ, ಬೆಲ್ಟ್ ಹೊರಟಿತು. ಎರಡನೇ ರೋಲರೇ ಅಂತೆ.

ಡ್ವೇನ್ ಹಣೆ ಒರೆಸಿಕೊಂಡು ಹೊರಡುವಾಗ ಎಲಿಹಿಯೋ ಎದುರಾದ. ಕೈ ತೊಳೆದುಕೊಂಡು ಬಂದಿದ್ದ. ನೇರ ಬೆಂಚಿಗೆ ಬಂದು ಕೂತ.

"ಮತ್ತೆ ಯಾಕೆ ಕೂತೆ?" ಅಂದ ಡ್ವೇನ್.

ಎಲಿಹಿಯೋ ಜಗಳ ಆಡಿದವನೇ ಅಲ್ಲ. ಗೋಡೆಯ ಹಾಳೆ ತೋರಿಸಿ ಮೆಲ್ಲಗೆ ಅಂದ, "ಮೊದಲಿನಿಂದ ಅಂತ ಬರೆದಿದೆ ಸಾರ್."

ಡ್ವೇನ್ ಹಾಳೆ ನೋಡಿದ. ನಮ್ಮ ಇಡೀ ಸಾಲು ಅವನನ್ನು ನೋಡಿತು. ಈ ಸಲ ಬಂದ ನಿಟ್ಟುಸಿರು ನಿಜವಾದದ್ದು.

ನಮ್ಮ ಬಿಡುವು ಮುಗಿಯುತ್ತಾ ಬಂದಿತ್ತು. ಎಲ್ಲರ ಡಬ್ಬಿಯೂ ಅವನ ಹೊಟ್ಟೆಗೇ ಹೋಗಿ, ನನ್ನದರಲ್ಲಿ ಒಂದು ಟಾಕೊ ಉಳಿದಿತ್ತು, ಪಾಪಾಸುಕಳ್ಳಿಯ ಪಲ್ಯದ್ದು. ಅದನ್ನು ಅವನ ಮುಂದಿಟ್ಟೆ. ಆಚೆ ಬೆಲ್ಟ್ ಸರಾಗವಾಗಿ ಓಡುತ್ತಿತ್ತು, ಎಲಿಹಿಯೋ ಓಡಬೇಕಾದ ಕಡೆ ಯಾವುದೂ ಇರಲಿಲ್ಲ. ಅವನು ಒಂದು ತುಂಡು ಕಚ್ಚಿ, ಅಗಿದ. ಅಗಿಯುತ್ತಲೇ ಇದ್ದ.

"ಏನು ಕೊಮಾದ್ರೆ ಇದು?"

"ಪಾಪಾಸುಕಳ್ಳಿ."

"ಚೆನ್ನಾಗಿದೆ," ಅಂದ. "ಹೊಸದಾಗಿ ಕಲಿತದ್ದಾ?"

ಮಗಳು ಹುಟ್ಟುವ ಮೊದಲಿನಿಂದಲೂ ಪ್ರತಿ ಗುರುವಾರ ನಾನು ಅವನ ಕೈಗೆ ತುರುಕುತ್ತಿದ್ದುದು ಅದನ್ನೇ.

"ಹೂಂ," ಅಂದೆ. "ಹೊಸದು. ನಿಧಾನಕ್ಕೆ ತಿನ್ನು."