ಎರಡು ಗೋಡೆಗಳ ಆಚೆ

ಲ್ಯಾಪ್‌ಟಾಪ್ ಅಂಗಡಿಯಲ್ಲಿ ಅವಳು ಮುಕ್ಕಾಲು ಗಂಟೆಯಿಂದ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದಳು. ಅಂಗಡಿಯವನಿಗೆ ಸಾಕುಸಾಕಾಗಿತ್ತು. ಬಣ್ಣ ನೋಡಿ, ತೂಕ ನೋಡಿ, ಒಂದಿಷ್ಟು ಚೌಕಾಸಿ ಮಾಡಿ ಹೋಗುವ ಗಿರಾಕಿಗಳು ಅವನಿಗೆ ಗೊತ್ತು. ಪೆನ್‌ಡ್ರೈವಿನಲ್ಲಿ ಯಾರದೋ ದವಡೆ ತುಂಬಿಕೊಂಡು ಬಂದವರು ಈವರೆಗೆ ಯಾರೂ ಇರಲಿಲ್ಲ.

ದವಡೆಯೇ ಅವಳ ಹೊಟ್ಟೆಪಾಡು. ಕಟ್ಟಿಸುವ ಹಲ್ಲುಗಳ ಮಾದರಿಯನ್ನು ಮನೆಯಲ್ಲೇ ಕಂಪ್ಯೂಟರಿನಲ್ಲಿ ತಿದ್ದಿ ಹಲ್ಲಿನ ಲ್ಯಾಬೊಂದಕ್ಕೆ ಕಳಿಸುತ್ತಿದ್ದಳು.

"ಇದರಲ್ಲಿ ಗ್ರಾಫಿಕ್ಸ್ ಬೇರೆ ಇದೆಯಾ, ಪ್ರೊಸೆಸರ್ ಜೊತೆಗಿರೋದೇನಾ?"

"ಗ್ರಾಫಿಕ್ಸ್ ಸೂಪರ್ ಆಗಿದೆ ಮೇಡಂ."

"ಸೂಪರ್ ಆಗಿರ್ಲಿ. ಬೇರೆ ಇದೆಯಾ?"

ಅವನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೋ ಹೇಳಿದ. ಅವಳೇ ಯಂತ್ರದೊಳಗಿನ ಗ್ರಾಫಿಕ್ಸ್ ಚಿಪ್‌ಗಳ ಪಟ್ಟಿ ತೆರೆದಳು. ಒಂದೇ ಹೆಸರಿತ್ತು. ಪರದೆಯ ಮೇಲೆ ದವಡೆಯನ್ನು ತಿರುಗಿಸಿದರೆ ತಡವರಿಸಿ ತಡವರಿಸಿ ತಿರುಗಿತು. ಪಕ್ಕದ ದಪ್ಪಗಿನ ಕಪ್ಪು ಯಂತ್ರದಲ್ಲಿ ಎರಡು ಹೆಸರುಗಳಿದ್ದವು, ಗ್ರಾಫಿಕ್ಸಿಗೆಂದೇ ನಾಲ್ಕು ಜಿಬಿ ಮೀಸಲಿತ್ತು. ಇಲ್ಲಿ ದವಡೆ ಸಲೀಸಾಗಿ ತಿರುಗಿತು. ಆದರೂ ಅವಳ ಮುಖ ಅರಳಲಿಲ್ಲ.

"ನಿಮ್ಮ ವೈಫೈ ಡಬ್ಬಿ ಗಲ್ಲಾ ಹತ್ರ ಇದೆಯಲ್ಲ, ಅಲ್ಲಿಂದ ಎರಡು ಗೋಡೆ ಆಚೆ ಏನಿದೆ?"

"ಸ್ಟೋರು. ಅದರ ಹಿಂದೆ ನಮ್ಮ ಬಾತ್‌ರೂಮು. ಯಾಕೆ ಮೇಡಂ?"

ಅವಳು ಆಗಲೇ ಯಂತ್ರವನ್ನು ಎದೆಗವಚಿಕೊಂಡು ಹೊರಟಿದ್ದಳು. ಅಂಗಡಿಯವನು ಜೀವ ಬಾಯಿಗೆ ಬಂದವನಂತೆ ಹಿಂದೆ ಓಡಿದ. ಬಾತ್‌ರೂಮಿನಲ್ಲಿ, ಬಕೆಟ್ಟಿನ ಪಕ್ಕ ನಿಂತು, ಅವಳು ವೈಫೈ ಸಿಗ್ನಲ್ಲಿನ ಗೆರೆಗಳನ್ನು ಎಣಿಸಿದಳು. ವೇಗದ ಸಂಪರ್ಕ ಗೋಡೆ ದಾಟಲಾರದೆ ಕಡಿದುಹೋಯಿತು. ನಿಧಾನದ್ದಕ್ಕೆ ಬದಲಿಸಿದಾಗ ಮೂರು ಗೆರೆ ನಿಂತವು. ಅವಳಿಗೆ ಅಷ್ಟು ಸಾಕಿತ್ತು.

ಎರಡು ತಿಂಗಳ ಹಿಂದೆ ಅಪ್ಪ ತಮ್ಮ ಕೋಣೆಯ ಬಾತ್‌ರೂಮಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಅವಳು ಹಾಲ್‌ನಲ್ಲಿ ಲ್ಯಾಬಿನ ಮಾಲೀಕರ ಜೊತೆ ವೀಡಿಯೊ ಕರೆಯಲ್ಲಿದ್ದಳು. ನೋಡಿದ್ದು ನಲವತ್ತು ನಿಮಿಷದ ಮೇಲೆ. ಅಪ್ಪನ ಕೂಗು ಎರಡು ಗೋಡೆ ದಾಟಲಿಲ್ಲವಲ್ಲ ಎಂಬ ಸಂಕಟ ಅಂದಿನಿಂದ ಅವಳನ್ನು ಒಂದು ಕಡೆ ಕೂರಲು ಬಿಟ್ಟಿರಲಿಲ್ಲ. ಇನ್ನು ಅಪ್ಪನ ಕೋಣೆಯಲ್ಲೇ ಕೂತು ಕೆಲಸ ಮಾಡಬೇಕು. ಹಳೆಯ ಲ್ಯಾಪ್‌ಟಾಪಿಗೆ ಅಲ್ಲಿ ನೆಟ್ ಸಿಗುತ್ತಿರಲಿಲ್ಲ. ಸೋಮವಾರದಿಂದ ದಿನಾ ನಾಲ್ಕರೊಳಗೆ ಮಾದರಿಗಳು ಬರದಿದ್ದರೆ ಲ್ಯಾಬಿಗೇ ಬಂದು ಕೂರಬೇಕೆಂದು ಮಾಲೀಕರು ಖಡಾಖಂಡಿತವಾಗಿ ಹೇಳಿದ್ದರು. ಆಗ ಅಪ್ಪನ ಬಳಿ ಯಾರು?

ಕೊಂಡು ತಂದ ಕಪ್ಪು ಯಂತ್ರಕ್ಕೆ ಅಪ್ಪನ ಕೋಣೆಯಲ್ಲೂ ಮೂರು ಗೆರೆ ಬಂದವು. ಅವಳು ಮೇಜನ್ನು ಅಪ್ಪನ ಮಂಚದ ಪಕ್ಕಕ್ಕೆ ಎಳೆದಳು, ಸರಿಕಾಣದೆ ಕಿಟಕಿಯ ಕಡೆಗೆ ತಳ್ಳಿದಳು, ಮತ್ತೆ ಎಳೆದಳು.

"ಇಡೀ ದಿನ ನನ್ನ ಕಾವಲು ಕಾಯ್ತೀಯಾ?" ಎಂದರು ಅಪ್ಪ.

"ಹಾಲ್‌ನಲ್ಲಿದ್ರೆ ನಿನ್ನ ಧ್ವನಿ ಕೇಳಲ್ಲಪ್ಪ."

"ಮೂವತ್ತು ವರ್ಷ ಬಸ್ಸಲ್ಲಿ ಟಿಕೆಟ್ ಹರಿದಿದೀನಿ. ಕಡೇ ಸೀಟಿಗೂ ಕೇಳ್ತಿತ್ತು ನನ್ನ ಧ್ವನಿ."

"ಅವತ್ತು ಕೇಳ್ಲಿಲ್ವಲ್ಲ."

ಅಪ್ಪ ಹೊದಿಕೆಯ ಅಂಚನ್ನು ಸರಿಮಾಡಿಕೊಂಡರು. "ಕರೆದಿದ್ರೆ ತಾನೆ ಕೇಳೋದು," ಎಂದರು.

ಅವಳು ಮೇಜನ್ನು ಬಿಟ್ಟು ಅಪ್ಪನ ಕಡೆ ತಿರುಗಿದಳು.

"ಅವತ್ತು ಮಾಲೀಕರು ನಿನ್ನ ಬಯ್ತಾ ಇದ್ರು. ಬಾತ್‌ರೂಮಿಗೇ ಕೇಳ್ತಿತ್ತು. ನಡುವೆ ನಾನು ಬೇರೆ ಕೂಗಿದ್ರೆ ನಿನ್ನ ಕೆಲಸ ಹೋಗುತ್ತೆ ಅಂತ ಸುಮ್ನಿದ್ದೆ."

"ನಲವತ್ತು ನಿಮಿಷಾನಾ? ಮುರಿದ ಮೂಳೆ ಇಟ್ಕೊಂಡು?"

"ಕರೆ ಮುಗಿಯುತ್ತೆ ಅಂದ್ಕೊಂಡೆ."

ಅವಳಿಗೆ ಅಪ್ಪನ ಮೇಲೆ ಹಿಂದೆಂದೂ ಬಾರದಷ್ಟು ಸಿಟ್ಟು ಬಂತು. ಲ್ಯಾಪ್‌ಟಾಪನ್ನು ಅಲ್ಲೇ ಬಿಟ್ಟು ಹಾಲ್‌ಗೆ ಹೋದಳು, ಅವತ್ತು ಕೂತಿದ್ದ ಜಾಗದಲ್ಲೇ ನಿಂತಳು.

"ಈಗ ಕರಿ," ಎಂದು ಕೂಗಿದಳು. "ಏನು ಬೇಕೋ ಕೇಳು. ಕೇಳೋ ತನಕ ನಾನು ಒಳಗೆ ಬರಲ್ಲ."

ಅಪ್ಪ ಹಟಮಾರಿ, ಯಾರ ಬಳಿಯೂ ಒಂದು ಲೋಟ ನೀರು ಕೇಳಿದವರಲ್ಲ. ಅವಳು ಕಾದಳು.

"ಪುಟ್ಟೀ," ಎಂದರು ಅಪ್ಪ ಕೊನೆಗೆ, "ಬಾತ್‌ರೂಮಿಗೆ ಹೋಗ್ಬೇಕು. ಬಂದು ಹಿಡ್ಕೋ."

ಜೋರಾಗಿಯೂ ಕೂಗಿರಲಿಲ್ಲ. ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತು. ಅವಳು ಅಳುತ್ತಲೇ ಒಳಗೆ ಓಡಿದಳು.